ಊರಿಗಿ ಹೋಗ್ಯಾರ

ನಾನು ತೆಗೆದ ಮೊದಲ ಟೇಪಿನಲ್ಲಿ ಇದ್ದದ್ದು ನನ್ನದೇ ಚಪ್ಪಲಿ. ಇಪ್ಪತ್ತು ನಿಮಿಷ ಚಪ್ಪಲಿ, ಕರಿಮಣ್ಣು, ಒಣಗಿದ ತೊಗರಿ ಕಟ್ಟಿಗೆ, ಮತ್ತೆ ಚಪ್ಪಲಿ. ಮನೆಯಲ್ಲಿ ಪರೀಕ್ಷೆಗೆಂದು ಕೆಂಪು ಗುಂಡಿಯನ್ನು ಒಮ್ಮೆ ಒತ್ತಿ ಮರೆತುಬಿಟ್ಟಿದ್ದೆ. ಅಲ್ಲಿಂದ ಎಲ್ಲವೂ ಉಲ್ಟಾ. ಜನ ಬಾಯಿ ತೆರೆದಾಗ ನಾನು ಶುರು ಎಂದು ಒತ್ತಿದರೆ ಕ್ಯಾಮೆರಾ ನಿಲ್ಲುತ್ತಿತ್ತು. ಮಾತು ಮುಗಿಯಿತೆಂದು ಇನ್ನೊಮ್ಮೆ ಒತ್ತಿ ಕೈ ಕೆಳಗೆ ಬಿಟ್ಟರೆ ಅದು ಎಚ್ಚರಾಗಿ ನನ್ನ ಕಾಲು ತೆಗೆಯುತ್ತಿತ್ತು. ಹದಿನಾರು ಮನೆಗಳ ಮುಂದೆ ನಿಂತು ಹದಿನಾರು ಜನರನ್ನು ಕಾಡಿ ಬೇಡಿ ಮಾತಾಡಿಸಿದ್ದೆ. ಒಬ್ಬರೂ ಟೇಪಿನಲ್ಲಿಲ್ಲ. ನಡುನಡುವೆ ನನ್ನ ದನಿ ಮಾತ್ರ ಕೇಳುತ್ತದೆ: "ಭಾಳ ಚೊಲೊ ಹೇಳಿದ್ರಿ."

ಕಣ್ಣಿಡುವ ಕಿಂಡಿಯೊಳಗೆ ಕೆಂಪು ಅಕ್ಷರ ಬರುತ್ತದೆ, ಅದನ್ನು ನೋಡಬಾರದೇ ಎಂದು ನನ್ನ ಹೆಂಡತಿಯ ತಮ್ಮ ಆಮೇಲೆ ಕೇಳಿದ. ಅವನು ಬೀದರಿನ ನೌಬಾದದಲ್ಲಿದ್ದುಕೊಂಡು ಮದುವೆ ವಿಡಿಯೊ ತೆಗೆಯುವವನು. ಹೊಸ ಕ್ಯಾಮೆರಾ ಬಂದ ಮೇಲೆ ಹಳೆಯದನ್ನು ಅಕ್ಕನಿಗೆ ಕೊಟ್ಟಿದ್ದ. ಬದಿಯಲ್ಲಿ ಪುಟ್ಟ ಪರದೆ ತೆರೆದುಕೊಳ್ಳುವ, ಬೆಂಕಿಪೊಟ್ಟಣದಷ್ಟು ಟೇಪು ಹಾಕುವ ಹ್ಯಾಂಡಿಕ್ಯಾಮ್. ನಾನೋ ತೊಗರಿ, ಜೋಳ ಬೆಳೆಯುವವ. ಓದಲು ಕನ್ನಡಕ ಬೇಕಾಗಿದೆ ಎಂಬುದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಅವನಿಗೂ ಹೇಳಲಿಲ್ಲ.

ನಮ್ಮ ಊರು ಖಟಕ ಚಿಂಚೋಳಿಯಿಂದ ಸ್ವಲ್ಪ ಒಳಗೆ. ಆಗ ಸತತ ಎರಡನೆಯ ವರ್ಷ ಮಳೆ ಕೈಕೊಟ್ಟಿತ್ತು. ದಸರಾ ಮುಗಿದದ್ದೇ ತಡ, ಒಂದೊಂದೇ ಮನೆಗೆ ಬೀಗ ಬೀಳುತ್ತ ಬಂತು. ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಕೆಲವರು, ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಕೆಲವರು. ತಂದೆ ತಾಯಿಯ ಹಿಂದೆ ಮಕ್ಕಳೂ ಹೋದವು. ಶಾಲೆಯ ಮಕ್ಕಳು ಅರ್ಧಕ್ಕೆ ಇಳಿದಾಗ, ಹಲಬರ್ಗಾದಿಂದ ಮೋಟರ್‌ಸೈಕಲ್ಲಿನಲ್ಲಿ ಬರುತ್ತಿದ್ದ ನಮ್ಮ ಹೆಡ್‌ಮಾಸ್ತರರು ಊರಲ್ಲಿ ಉಳಿದವರನ್ನು ಬುದ್ಧ ವಿಹಾರದ ಕಟ್ಟೆಯ ಮೇಲೆ ಕೂರಿಸಿ ಒಂದು ವಿಷಯ ಹೇಳಿದರು. ದುಡಿಯಲು ಹೋದವರ ಮಕ್ಕಳನ್ನು ಶಾಲೆಯಲ್ಲೇ ಊಟ, ಹಾಸಿಗೆ ಕೊಟ್ಟು ಉಳಿಸಿಕೊಳ್ಳಲು ಹಂಗಾಮಿ ಹಾಸ್ಟೆಲ್ ತೆರೆಯಬಹುದಂತೆ. ಅರ್ಜಿ ಕೊಡಬೇಕು, ಜೊತೆಗೆ ಪಾಲಕರು ದುಡಿಯಲು ಹೋಗಿದ್ದಾರೆ ಎಂಬುದಕ್ಕೆ ಪುರಾವೆ ಕೊಡಬೇಕು.

ಹಾಜರಿ ಪುಸ್ತಕಕ್ಕಿಂತ ದೊಡ್ಡ ಪುರಾವೆ ಯಾವುದು ಎಂದು ನಾನು ಕೇಳಿದೆ. ಅವರು ಪುಸ್ತಕ ತೆರೆದು ನನ್ನ ಮುಂದೆ ಹಿಡಿದರು. ಗೈರುಹಾಜರಾದ ಪ್ರತಿ ಮಗುವಿನ ಹೆಸರಿನ ಮುಂದೆ, ಅವರದೇ ಮುದ್ದಾದ ಅಕ್ಷರದಲ್ಲಿ, ಕಾರಣ ಬರೆದಿತ್ತು. ಊರಿಗೆ ಹೋಗಿದ್ದಾನೆ. ಊರಿಗೆ ಹೋಗಿದ್ದಾಳೆ. ಮೇಲಿನಿಂದ ಕೆಳಗಿನವರೆಗೆ ಅದೇ.

ಪಾಲಕರು ಏನು ಹೇಳಿದರೋ ಅದನ್ನೇ ಬರೆದೆ ಎಂದರು ಮಾಸ್ತರರು. ಅವರದು ತಪ್ಪಿಲ್ಲ. ನಮ್ಮಲ್ಲಿ ಯಾರೂ ದುಡಿಯಲು ಹೋಗುವುದೇ ಇಲ್ಲ, ಎಲ್ಲರೂ ಊರಿಗೆ ಹೋಗುತ್ತಾರೆ. ಯಾವ ಊರು ಎಂದು ಕೇಳುವುದು ಮರ್ಯಾದೆಯಲ್ಲ. ಸ್ವಂತ ಹೊಲ ಇದ್ದವರು ಇನ್ನೊಬ್ಬರ ಸಿಮೆಂಟು ಕಲಸಲು ಹೋದರೆಂಬ ಸುದ್ದಿ ಹರಡಿದರೆ ಮಗಳನ್ನು ಕೇಳಲು ಬರುವವರು ಬರುವುದಿಲ್ಲ. ಮನೆ ಐದು ತಿಂಗಳು ಖಾಲಿ ಎಂದು ಗೊತ್ತಾದರೆ ಬರಬಾರದವರು ಬರುತ್ತಾರೆ. ಆದ್ದರಿಂದ ಬೀಗ ಹಾಕಿದ ಯಾವ ಮನೆಯ ಬಗ್ಗೆ ಕೇಳಿದರೂ ಪಕ್ಕದ ಮನೆಯವರು ಹೇಳುವುದು ಒಂದೇ: ಊರಿಗಿ ಹೋಗ್ಯಾರ, ನಾಳಿ ಬರ್ತಾರ.

ನನಗೆ ಈ ಹಾಸ್ಟೆಲ್ ಬೇಕಾಗಿದ್ದದ್ದು ನಮ್ಮ ಪಕ್ಕದ ಮನೆಯ ಹುಡುಗಿಗಾಗಿ. ಅವಳ ಅಪ್ಪನನ್ನು ನಾನು ಚಿಕ್ಕಂದಿನಿಂದ ಅಣ್ಣ ಅನ್ನುತ್ತೇನೆ, ಆದ್ದರಿಂದ ಅವಳ ಅವ್ವ ನನಗೆ ವೈನಿ. ಹಿಂದಿನ ವರ್ಷ ಹುಡುಗಿ ಹೈದರಾಬಾದಿಗೆ ಹೋಗಿ, ಕಟ್ಟುತ್ತಿದ್ದ ಮನೆಯ ನೆರಳಿನಲ್ಲಿ ಕೂಲಿಯವರ ಕೂಸುಗಳನ್ನು ಕಾಯುತ್ತ ಪರೀಕ್ಷೆ ತಪ್ಪಿಸಿಕೊಂಡಿದ್ದಳು. ಈ ವರ್ಷ ಮತ್ತೆ ಏಳನೆಯ ತರಗತಿಯಲ್ಲೇ ಕೂತಿದ್ದಳು. ಅಣ್ಣ ಆಗಲೇ ಹೋಗಿದ್ದ. ಜಾಗ ಸಿಕ್ಕಿದೆ, ತಾಯಿ ಮಗಳು ಹೊರಟು ಬನ್ನಿ ಎಂದು ಹೇಳಿ ಕಳಿಸಿದ್ದ. ಈ ಸಲವೂ ಹೋದರೆ ಮೂರನೆಯ ಸಲ ಆ ಹುಡುಗಿ ಏಳನೆಯ ತರಗತಿಗೆ ಬರುವುದಿಲ್ಲ, ಗಂಡು ನೋಡುತ್ತಾರೆ ಎಂಬುದು ಓಣಿಗೆಲ್ಲ ಗೊತ್ತಿತ್ತು. ನಮ್ಮ ಮನೆಯಲ್ಲೇ ಬಿಟ್ಟು ಹೋಗಿ ಎಂದು ನನ್ನ ಹೆಂಡತಿ ಹೇಳಿ ನೋಡಿದಳು. ವಯಸ್ಸಿಗೆ ಬರುವ ಹುಡುಗಿಯನ್ನು ಬೇರೆಯವರ ಮನೆಯಲ್ಲಿ ಬಿಟ್ಟಳು ಎಂಬ ಮಾತು ಬೇಡ, ಸಾಲಿಯ ಹಾಸ್ಟೆಲ್ ಆದರೆ ಬಿಡುತ್ತೇನೆ ಅಂದರು ವೈನಿ. ಊರಲ್ಲಿ ಕ್ಯಾಮೆರಾ ಇದ್ದವನು ನಾನೊಬ್ಬನೇ. ಪುರಾವೆ ನಾನು ತರುತ್ತೇನೆ ಎಂದು ಎಲ್ಲರ ಮುಂದೆ ಎದೆ ಉಬ್ಬಿಸಿ ಹೇಳಿಬಿಟ್ಟೆ.

ಚಪ್ಪಲಿ ಟೇಪಿನ ನಂತರ ಧರಣಿ. ಒಂದು ಗುರುವಾರ ಭಾಲ್ಕಿಗೆ ಹೋಗಿ ಹಾಸ್ಟೆಲ್ ಬೇಕೆಂದು ಶಿಕ್ಷಣ ಇಲಾಖೆಯ ಕಚೇರಿಯ ಮುಂದೆ ನಲವತ್ತು ಜನ ಕೂತೆವು. ಘೋಷಣೆ ಜೋರಾಗಿತ್ತು. ನಾನು ಕ್ಯಾಮೆರಾ ಎತ್ತಿದೆ, ಘೋಷಣೆ ನಿಂತಿತು. ಎಲ್ಲರೂ ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಮಾಡಿಕೊಂಡು, ಉಸಿರು ಹಿಡಿದು ನನ್ನನ್ನೇ ನೋಡುತ್ತ ಕೂತರು. ಇದು ಫೋಟೊ ಅಲ್ಲ, ಅಲುಗಾಡಿರಿ, ಕೂಗಿರಿ ಎಂದು ನಾನು ಕೂಗಿದೆ. ಮುಂದಿನ ಸಾಲಿನವರು ಕ್ಯಾಮೆರಾಕ್ಕೆ ಕೈಮುಗಿದರು. ಕೆಳಗಿಳಿಸಿದರೆ ಘೋಷಣೆ, ಎತ್ತಿದರೆ ಮೌನ. ಬೆಳಿಗ್ಗೆಯಿಂದ ಇದೇ ಆಟ ಆಡಿ ನನ್ನ ಗಂಟಲು ಹರಿದುಹೋಯಿತು. ಟೇಪು ತುಂಬ ಕೂತದ್ದು ಬೀಗರ ಊಟಕ್ಕೆ ಬಂದಂತೆ ಕಾಣುವ ನಲವತ್ತು ಜನ.

ಸಂಜೆ ನಾಲ್ಕಕ್ಕೆ ಜವಾನ ಬಂದು, ಯಾರಿಗಾಗಿ ಕೂತೀರಿ ಎಂದು ವಿಚಾರಿಸಿದ. ಸಾಹೇಬರ ಮೇಲೆ ಎರಡು ತಾಲೂಕಿನ ಚಾರ್ಜ್ ಇತ್ತಂತೆ. ಸೋಮವಾರ ಮಾತ್ರ ಭಾಲ್ಕಿ, ಉಳಿದ ದಿನ ಔರಾದ. ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲವಲ್ಲ ಅಂದ. ನಾವು ಇಡೀ ದಿನ ಖಾಲಿ ಕುರ್ಚಿಗೆ ಧಿಕ್ಕಾರ ಕೂಗಿದ್ದೆವು, ಅದನ್ನೂ ನಾನು ತೆಗೆದಿರಲಿಲ್ಲ.

ಮರುದಿನದಿಂದ ಮತ್ತೆ ಬೀಗ ಬಿದ್ದ ಅದೇ ಹದಿನಾರು ಮನೆ. ಈ ಸಲ ಕೆಂಪು ಅಕ್ಷರ ನೋಡಿಯೇ ಮುಂದುವರಿದೆ. ಕ್ರಮ ಹೀಗಿತ್ತು: ಮೊದಲು ಮನೆ ಪೂರ್ತಿ, ಆಮೇಲೆ ಬಾಗಿಲು, ಆಮೇಲೆ ಬೀಗ ಹತ್ತಿರದಿಂದ, ಕೊನೆಗೆ ಪಕ್ಕದ ಮನೆಯವರ ಮಾತು. ಮದುವೆಯಲ್ಲಿ ಮಂಟಪ, ಮಂಟಪದಿಂದ ತಾಳಿ ಎಂದು ಹೆಂಡತಿಯ ತಮ್ಮ ಕಲಿಸಿಕೊಟ್ಟ ಕ್ರಮವೇ ಇದು. ಬೀಗಗಳು ಚೆನ್ನಾಗಿ ಬಂದವು. ಜನರು ಬಾಯಿ ತೆರೆದಾಗ ಕೆಲಸ ಕೆಟ್ಟಿತು. ಧರಣಿಯಲ್ಲಿ ಗಂಟಲು ಹರಿಯುವಂತೆ ಹಾಸ್ಟೆಲ್ ಕೇಳಿದವರೇ, ಪಕ್ಕದ ಮನೆಯವರು ಎಲ್ಲಿ ಹೋಗಿದ್ದಾರೆ ಎಂದು ಕ್ಯಾಮೆರಾ ಮುಂದೆ ಕೇಳಿದರೆ, ಊರಿಗಿ ಹೋಗ್ಯಾರ್ರಿ. ನಾನು ಎಷ್ಟು ಸಲ ಬಿಡಿಸಿ ಹೇಳಿದರೂ ತಲೆಯಾಡಿಸುತ್ತಾರೆ, ಹೂಂ ಅನ್ನುತ್ತಾರೆ, ಕೆಂಪು ದೀಪ ಹತ್ತಿದ ಕೂಡಲೇ ಊರಿಗಿ ಹೋಗ್ಯಾರ್ರಿ.

ವೈನಿಯಾದರೂ ನಿಜ ಹೇಳುತ್ತಾರೆ ಎಂದುಕೊಂಡಿದ್ದೆ. ಮಗಳ ಭವಿಷ್ಯ ಅವರದಲ್ಲವೇ. ಅವರ ಮನೆಯ ಕಟ್ಟೆಯ ಮೇಲೆ ಕೂರಿಸಿ, ಅಣ್ಣ ಎಲ್ಲಿದ್ದಾನೆ ಎಂದು ಕೇಳಿದೆ.

"ಊರಿಗಿ ಹೋಗ್ಯಾರ."

"ಯಾ ಊರಿಗಿ, ವೈನಿ?"

"ಅವರ ಅಕ್ಕನ ಊರಿಗಿ."

ಅಣ್ಣನಿಗೆ ಅಕ್ಕ ಇಲ್ಲ. ಒಂದೇ ಓಣಿಯ ಮಣ್ಣಿನಲ್ಲಿ ಹೊರಳಾಡಿ ಬೆಳೆದವರು ನಾವು, ನನಗೇ ಗೊತ್ತಿಲ್ಲದ ಅಕ್ಕ ಎಲ್ಲಿಂದ ಬಂದಳು. ನಾನು ಕ್ಯಾಮೆರಾ ಬಂದ್ ಮಾಡಿ, ಇದು ಸುಳ್ಳು ಎಂದು ಸಿಟ್ಟಿನಿಂದಲೇ ಹೇಳಿದೆ. ಅವರು ಎದ್ದು ಸೆರಗು ಝಾಡಿಸಿಕೊಂಡು ಒಳಗೆ ಹೋದರು. ಆ ದಿನ ನನ್ನ ತಲೆ ಎಷ್ಟು ಕೆಟ್ಟಿತ್ತೆಂದರೆ ಮನೆಗೆ ಬಂದು ಏನೂ ಅರಿಯದ ಎತ್ತಿನ ಮೇಲೆ ರೇಗಿದೆ.

ಜನ ಸುಳ್ಳು ಹೇಳಲಿ, ಬೀಗ ಹೇಳುವುದಿಲ್ಲ ಎಂದುಕೊಂಡು ಮುಂದಿನ ಬುಧವಾರ ಟೇಪು ಹಿಡಿದು ಔರಾದಕ್ಕೆ ಹೊರಟೆ. ಭಾಲ್ಕಿಗೆ ಒಂದು ಬಸ್ಸು, ಬೀದರಿಗೆ ಇನ್ನೊಂದು, ಅಲ್ಲಿಂದ ಔರಾದಕ್ಕೆ ಮತ್ತೊಂದು. ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಮೂರೂ ಬಸ್ಸಿನಲ್ಲಿ ಕೂಸಿನ ಹಾಗೆ ಕಾಯ್ದೆ. ಮುಟ್ಟಿದಾಗ ಮಧ್ಯಾಹ್ನ. ಸಾಹೇಬರು ಮೈಸೂರಿನ ಕಡೆಯವರು, ಸಣ್ಣ ದನಿಯ ಸಭ್ಯ ಮನುಷ್ಯ. ಕೂತ್ಕೊಳ್ಳಿ ಎಂದು ನನಗೆ ಕುರ್ಚಿ ಕೊಟ್ಟರು. ಟಿ.ವಿ.ಗೆ ವೈರು ಚುಚ್ಚಿ ತೋರಿಸೋಣವೆಂದರೆ ಕರೆಂಟಿಲ್ಲ. ಕ್ಯಾಮೆರಾದ ಪುಟ್ಟ ಪರದೆಯನ್ನೇ ಬಿಚ್ಚಿ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ ಬಗ್ಗಿದರು, ಗುಮಾಸ್ತನೂ ಬಗ್ಗಿದ.

ಬೀಗ. ಊರಿಗಿ ಹೋಗ್ಯಾರ್ರಿ. ಬೀಗ. ಊರಿಗಿ ಹೋಗ್ಯಾರ್ರಿ. ನಾಲ್ಕನೆಯ ಮನೆಗೆ ಸಾಹೇಬರು ತಲೆ ಎತ್ತಿದರು.

"ಊರಿಗೆ ಹೋಗಿದಾರೆ ಅಂತ ಅವರೇ ಹೇಳ್ತಿದಾರಲ್ಲ ಇವರೇ. ನಮ್ಮ ಕಡೆಯೂ ದಸರಾ, ದೀಪಾವಳಿಗೆ ಊರಿಗೆ ಹೋಗ್ತಾರೆ, ಬರ್ತಾರೆ."

ಅದು ಹಾಗಲ್ಲ, ನಮ್ಮಲ್ಲಿ ಊರಿಗೆ ಹೋಗುವುದೆಂದರೆ ದುಡಿಯಲು ಹೋಗುವುದು ಎಂದು ವಿವರಿಸಲು ಹೋದೆ. ಹೇಳುತ್ತಿದ್ದಂತೆ ನನಗೇ ಅದು ಕಟ್ಟಿದ ಕತೆಯಂತೆ ಕೇಳಿಸಿತು. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಪರದೆಯ ಮೇಲೆ ಬೆರಳಿಟ್ಟರು. "ಇದನ್ನೂ ನೋಡಿ. ಬಾಗಿಲ ಮುಂದೆ ರಂಗೋಲಿ ಇದೆ. ಆವತ್ತಿನದೇ, ಪುಡಿ ಇನ್ನೂ ಬೆಳ್ಳಗಿದೆ. ಮನೆಯಲ್ಲಿ ಯಾರೂ ಇಲ್ಲದೆ ಇದನ್ನ ಯಾರು ಹಾಕಿದ್ರು?"

ನೋಡಿದೆ. ಹೌದು, ರಂಗೋಲಿ. ಹಿಂದಕ್ಕೆ ತಿರುಗಿಸಿ ನೋಡಿದೆ. ಹದಿನಾರರಲ್ಲಿ ಏಳು ಬೀಗಗಳ ಕೆಳಗೆ ಏಳು ರಂಗೋಲಿ, ಒದ್ದೆ ಅಂಗಳ. ಎರಡು ದಿನ ಮೂಗು ತಗಲುವಷ್ಟು ಹತ್ತಿರದಿಂದ ತೆಗೆದವನು ನಾನು, ಬೀಗದ ತೂತು ಕಂಡವನಿಗೆ ಕಾಲಕೆಳಗಿನ ರಂಗೋಲಿ ಕಂಡಿರಲಿಲ್ಲ. ಸಾಹೇಬರು ಕೊನೆಗೆ, ಸೋಮವಾರ ಭಾಲ್ಕಿಗೆ ಬರುತ್ತೇನೆ, ಹಾಸ್ಟೆಲ್‌ಗಳ ಕಡತ ಅಂದೇ ಬೀದರಿಗೆ ಹೋಗುತ್ತದೆ, ಅಷ್ಟರಲ್ಲಿ ನಂಬುವಂಥದ್ದು ಏನಾದರೂ ತಂದರೆ ಸೇರಿಸುತ್ತೇನೆ, ಆಮೇಲೆ ಬಂದರೆ ಈ ವರ್ಷಕ್ಕಿಲ್ಲ ಎಂದರು. ಅವರು ಒರಟಾಗಿ ಮಾತಾಡಿದ್ದರೆ ನನಗೆ ಜಗಳಕ್ಕಾದರೂ ಅವಕಾಶವಿರುತ್ತಿತ್ತು.

ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಹೆಂಡತಿಯನ್ನು ಕೇಳಿದೆ, ಆ ಮನೆಗಳ ಮುಂದೆ ರಂಗೋಲಿ ಯಾರು ಹಾಕುತ್ತಾರೆ. ಅವಳು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದಳು. ಊರಿನ ಎಲ್ಲ ಹೆಂಗಸರಿಗೆ ಗೊತ್ತಿದ್ದದ್ದು, ನಸುಕಿನಲ್ಲೇ ಎದ್ದು ಹೊಲಕ್ಕೆ ಹೋಗುವ ನಮಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಓಣಿಯ ಏಳು ಮನೆಗಳಿಗೂ ಹಾಕುತ್ತಿದ್ದವರು ವೈನಿ. ಹೋಗುವಾಗ ಒಬ್ಬೊಬ್ಬರೂ ಮನೆ ಕಡೆ ಜರಾ ನೋಡಿರಿ ಎಂದು ಹೇಳಿ ಹೋಗಿದ್ದರು. ಟ್ಯಾಂಕರ್ ಮೂರು ದಿನಕ್ಕೊಮ್ಮೆ ಬರುವ ಊರಿನಲ್ಲಿ, ಆ ನೀರಿನಲ್ಲಿ ಏಳು ಅಂಗಳಕ್ಕೆ ಚಿಮುಕಿಸಿ ಬರುತ್ತಿದ್ದರು.

ಗುರುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ನನ್ನ ತಲೆಯಲ್ಲಿ ಆಗ ಇದ್ದ ಉಪಾಯ ಸುಲಭದ್ದು. ಮೂರು ದಿನ ರಂಗೋಲಿ ನಿಲ್ಲಿಸಿದರೆ ಸಾಕು. ಅಂಗಳದಲ್ಲಿ ಧೂಳು ಕೂರುತ್ತದೆ, ಬೇವಿನ ಎಲೆ ಬಿದ್ದು ಹರಡುತ್ತದೆ, ಸೋಮವಾರದೊಳಗೆ ಏಳೂ ಮನೆಗಳು ಖಾಲಿ ಎಂದು ಕುರುಡನಿಗೂ ಕಾಣುತ್ತದೆ. ನಾನು ಹೇಳಿ ಮುಗಿಸುವವರೆಗೆ ವೈನಿ ಜೋಳ ಹಸನು ಮಾಡುತ್ತಲೇ ಇದ್ದರು.

"ಮಾತ ಕೊಟ್ಟೀನಿ ತಮ್ಮಾ. ಬಿಡಂಗಿಲ್ಲ."

ಮಗಳ ಸಾಲಿಗಿಂತ ದೊಡ್ಡದೇ ಈ ರಂಗೋಲಿ ಎಂದು ನಾನು ದನಿ ಏರಿಸಿದೆ. ಔರಾದದಲ್ಲಿ ಸಾಹೇಬರು ಬೆರಳಿಟ್ಟದ್ದು ನಿಮ್ಮ ರಂಗೋಲಿಯ ಮೇಲೆಯೇ ಎಂದೂ ಹೇಳಿಬಿಟ್ಟೆ. ಅವರ ಕೈ ಮೊರದಲ್ಲಿ ನಿಂತಿತು. ಒಳಗೆ ಹುಡುಗಿ ಪಾಠ ಓದುವ ದನಿಯೂ ನಿಂತಿತು. ಅವರು ಅಳಲಿಲ್ಲ. ಅತ್ತಿದ್ದರೆ ನಾನು ಎದ್ದು ಹೋಗುತ್ತಿದ್ದೆ.

"ಬಿಟ್ಟರ ಅವರ ಮನಿ ಹಾಳ ಬಿದ್ದಂಗ ಕಾಣ್ತಾದ. ಹಾಕಿದರ ನನ್ನ ಮಗಳ ಸಾಲಿ ಹೋಗ್ತಾದ. ನಾ ಏನ ಮಾಡ್ಲಿ, ನೀನೇ ಹೇಳು," ಎಂದರು.

ಮೂರು ವಾರದಿಂದ ಊರನ್ನೆಲ್ಲ ಬೈದುಕೊಂಡು ತಿರುಗಿದವನು ಮೊದಲ ಸಲ ನನ್ನದೇ ಮಾತನ್ನು ತಿರುಗಿ ನೋಡಿದೆ. ನಾನು ಕೇಳುತ್ತಿದ್ದದ್ದೂ ಒಂದು ಸುಳ್ಳೇ ಆಗಿತ್ತು. ಧೂಳು ಬೀಳಿಸಿ, ಎಲೆ ಹರಡಿ, ಇಲ್ಲದ ಹಾಳನ್ನು ತೋರಿಸುವುದು. ಜನ ನಾಚಿಕೆಗೆ ಸುಳ್ಳು ಹೇಳಿದರೆ ಸಿಟ್ಟಾಗುವ ನಾನು, ಪುರಾವೆಗೆಂದು ಸುಳ್ಳು ಮಾಡಿಸಲು ಬಂದಿದ್ದೆ. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ, ಇದನ್ನ ಯಾರು ಹಾಕಿದ್ರು ಎಂದು. ಅದಕ್ಕೆ ನಿಜವಾದ ಉತ್ತರ ಇತ್ತು, ಎದುರಿಗೇ ಕೂತು ಜೋಳ ಹಸನು ಮಾಡುತ್ತಿತ್ತು.

ಒಂದೂ ಮಾತು ಆಡುವುದು ಬೇಡ, ಮುಖವೂ ಬೇಡ, ಕೈ ಮಾತ್ರ ತೆಗೆಯುತ್ತೇನೆ ಎಂದೆ. ಏಳು ಮನೆಗೂ ಹಾಕುವುದು ಒಂದೇ ಕೈ ಎಂದು ಕಂಡರೆ ಸಾಕು. ಅವರು ಮುಖ, ಹೆಸರು ಎರಡೂ ಹೊರಬರಬಾರದೆಂದು ನನ್ನ ಮಕ್ಕಳ ಮೇಲೆ ಆಣೆ ಹಾಕಿಸಿಕೊಂಡು ಒಪ್ಪಿದರು.

ಕೆಲಸ ಹೇಳಿದಷ್ಟು ಹಗುರವಾಗಿರಲಿಲ್ಲ. ನಡುವೆ ಎಲ್ಲೂ ಕತ್ತರಿಸಬಾರದು. ಕತ್ತರಿಸಿದರೆ ಬೇರೆ ಬೇರೆ ದಿನ, ಬೇರೆ ಬೇರೆ ಕೈ ಅನ್ನುತ್ತಾರೆ. ಮೊದಲ ಮನೆಯಿಂದ ಏಳನೆಯದರವರೆಗೆ ಕ್ಯಾಮೆರಾ ಒಂದೇ ಉಸಿರಿನಲ್ಲಿ ಹೋಗಬೇಕು. ಬ್ಯಾಟರಿ ಹಳೆಯದು, ಪೂರ್ತಿ ತುಂಬಿದರೆ ಇಪ್ಪತ್ತೈದು ನಿಮಿಷ. ವೈನಿಗೆ ಏಳು ಮನೆ ಮುಗಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬೆಳಕು ಇನ್ನೊಂದು ತಕರಾರು. ಸೂರ್ಯ ಹುಟ್ಟುವ ಮೊದಲು ತೆಗೆದರೆ ಪರದೆ ತುಂಬ ನೊಣ ಮುತ್ತಿದಂತೆ ಚುಕ್ಕಿ, ತಡಮಾಡಿದರೆ ಓಣಿಯ ಜನ ಎದ್ದು ಬಂದು ಫೋಟೊಕ್ಕೆ ನಿಲ್ಲುತ್ತಾರೆ.

ಶುಕ್ರವಾರದ ಪ್ರಯತ್ನದಲ್ಲಿ ಐದನೆಯ ಮನೆಗೆ ಬ್ಯಾಟರಿ ಸತ್ತಿತು. ಹಿಟ್ಟಿನ ಗಿರಣಿಗೆ ಕರೆಂಟು ಬಂದಾಗ ಅಲ್ಲೇ ಕೂತು ಮತ್ತೆ ತುಂಬಿಸಿಕೊಂಡು ಬಂದೆ. ಏಳು ಮನೆಗಳ ಮುಂದೆಯೂ ಮೊದಲೇ ಒಂದೊಂದು ಚೊಂಬು ನೀರು ಇಟ್ಟರೆ ಹೊತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಶನಿವಾರ ಆರಂಭ ಚೆನ್ನಾಗಿ ಆಯಿತು. ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಪರದೆ ಮೇಲಕ್ಕೆ ತಿರುಗಿಸಿ, ಅವರ ಬಲಗೈ ಬಿಟ್ಟು ಬೇರೇನೂ ಬಾರದಂತೆ ಹಿಂದೆ ಹಿಂದೆ ನಡೆದೆ.

ಎರಡನೆಯ ಮನೆಯ ಹೊತ್ತಿಗೆ ನನಗೆ ಒಂದು ಸಂಗತಿ ಕಂಡಿತು. ಮೊದಲ ಮನೆಗೆ ಅವರು ಹಾಕಿದ್ದು ಎಂಟು ದಳದ ಕಮಲ. ಎರಡನೆಯದಕ್ಕೆ ಚುಕ್ಕಿ ಇಟ್ಟು ಸುತ್ತಿದ ಎಳೆ. ಮೂರನೆಯದಕ್ಕೆ ಧಮ್ಮಚಕ್ರ. ನಾಲ್ಕನೆಯದಕ್ಕೆ ಅವಸರದಲ್ಲಿ ಎಳೆದ ಎರಡೇ ಗೆರೆ, ಯಾಕೆಂದರೆ ಆ ಮನೆಯಾಕೆ ಯಾವತ್ತೂ ಅಷ್ಟರಲ್ಲೇ ಮುಗಿಸುವ ಸೋಮಾರಿ. ಐದನೆಯ ಮನೆಯಲ್ಲಿ ಇದ್ದದ್ದು ಕೈ ನಡುಗುವ ಮುದುಕಿ, ಮಗನ ಜೊತೆ ಹೋಗಿದ್ದಳು. ಅಲ್ಲಿ ವೈನಿ ತಮ್ಮ ಕೈಯನ್ನು ಬೇಕೆಂದೇ ನಡುಗಿಸಿ ಸೊಟ್ಟ ಗೆರೆ ಎಳೆದರು. ಹೋದವರೊಬ್ಬೊಬ್ಬರ ಕೈಬರಹ ಅವರಿಗೆ ಗೊತ್ತಿತ್ತು.

ಅಷ್ಟರಲ್ಲಿ ನಮ್ಮ ಓಣಿಯ ಕಿವಿ ಕೇಳದ ಕಾಕಾ ಕೋಲೂರಿಕೊಂಡು ಬಂದ. ನಾನು ಕಣ್ಣಿನಲ್ಲೇ ಹೋಗು ಎಂದರೆ ಇನ್ನೂ ಹತ್ತಿರ ಬಂದ. ಊರಿಗೆ ಸಹಾಯ ಮಾಡಲೆಂದೇ ಬಂದವನ ಗತ್ತಿನಲ್ಲಿ, ಆರನೆಯ ಮನೆಯ ಬೀಗ ತೋರಿಸಿ ಗಟ್ಟಿಯಾಗಿ, "ಇವರು ಊರಿಗಿ ಹೋಗ್ಯಾರ" ಎಂದ. ಏಳನೆಯದರ ಮುಂದೆಯೂ ನಿಂತು, "ಇವರೂ ಹೋಗ್ಯಾರ" ಎಂದ. ಬ್ಯಾಟರಿಯ ಗುರುತು ಮಿನುಗುತ್ತಿತ್ತು, ಚೊಂಬುಗಳು ಖಾಲಿಯಾಗಿದ್ದವು, ಟ್ಯಾಂಕರ್ ಇನ್ನು ಸೋಮವಾರವೇ. ಇದೇ ಕೊನೆಯದು, ಕಾಕಾನ ಸಮೇತ.

ಸೋಮವಾರ ಭಾಲ್ಕಿಯಲ್ಲಿ ಊರವರು ಹೊರಗೆ ಧರಣಿ ಕೂತರು, ಹೆಡ್‌ಮಾಸ್ತರರೂ ನಾನೂ ಒಳಗೆ ಹೋದೆವು. ಅಂದು ಕರೆಂಟಿತ್ತು. ಹಳದಿ ವೈರು, ಬಿಳಿ ವೈರು ಟಿ.ವಿ.ಗೆ ಚುಚ್ಚಿದೆ. ಸಾಹೇಬರು ಮೊದಲ ಎರಡು ಮನೆಗಳನ್ನು ಕಡತಕ್ಕೆ ಸಹಿ ಹಾಕುತ್ತಲೇ ನೋಡಿದರು. ಐದನೆಯ ಮನೆಗೆ ಪೆನ್ನು ಕೆಳಗಿಟ್ಟರು. ಕಾಕಾ ಬಂದು ಇವರು ಊರಿಗಿ ಹೋಗ್ಯಾರ ಎಂದಾಗ ಗುಮಾಸ್ತ ನಕ್ಕ, ಅವರು ನಗಲಿಲ್ಲ. ಹಿಂದೆ ಹಾಕಿ ಎಂದು ಐದನೆಯ ಮನೆಯನ್ನು ಮತ್ತೆ ನೋಡಿದರು.

ಈ ಕೈ ಯಾರದು ಎಂದು ಕೇಳಿದರು. ಹೇಳಲಾರೆ, ಮಾತು ಕೊಟ್ಟಿದ್ದೇನೆ ಎಂದೆ. ಯಾರೆಂದು ತಿಳಿಯದ ಕೈಯನ್ನು ನಾನು ಕಡತದಲ್ಲಿ ಹೇಗೆ ಬರೆಯಲಿ ಎಂದರು ಅವರು. ಅದೂ ನ್ಯಾಯವೇ. ಹೆಡ್‌ಮಾಸ್ತರರು ನನ್ನ ಕಾಲನ್ನು ಮೇಜಿನ ಕೆಳಗೆ ತುಳಿದರು. ನಾನು ಬಾಯಿ ಬಿಡಲಿಲ್ಲ. ಇಷ್ಟು ದೂರ ಬಂದು ಕೆಲಸ ಕೆಡುವುದು ನನ್ನಿಂದಲೇ ಎಂದು ಗೊತ್ತಿದ್ದೂ ಬಿಡಲಿಲ್ಲ. ಆಗ ಬಾಗಿಲಲ್ಲಿ ಬಳೆಯ ಸದ್ದಾಯಿತು. ಹೊರಗಿನ ಧರಣಿಯಿಂದ ಎದ್ದು ಯಾವಾಗ ಬಂದು ನಿಂತಿದ್ದರೋ, ವೈನಿ ಒಳಗೆ ಬಂದು ತಮ್ಮ ಬಲಗೈಯನ್ನು ಮೇಜಿನ ಮೇಲೆ, ಕಡತದ ಪಕ್ಕದಲ್ಲಿ ಇಟ್ಟರು.

"ನಂದೇ ರಿ."

"ಏಳು ಮನೆಗೂ ನೀವು ಯಾಕಮ್ಮ ಹಾಕ್ತೀರಿ?"

"ಮನಿ ಖಾಲಿ ಕಾಣಬಾರದಂತ್ರಿ."

ಸಾಹೇಬರು ಇನ್ನೇನೂ ಕೇಳಲಿಲ್ಲ. ಖಾಲಿ ಮನೆ ಎಂಬ ಮಾತು ವೈನಿಯ ಬಾಯಿಂದ ಬಂದಾಗಿತ್ತು, ಎಲ್ಲಿಗೆ ಹೋಗಿದ್ದಾರೆ ಎಂಬುದನ್ನು ಬಾಯಿಬಿಟ್ಟು ಹೇಳಿಸುವ ಅಗತ್ಯ ಸಾಹೇಬರಿಗೆ ಕಾಣಲಿಲ್ಲ. ಕಡತಕ್ಕೆ ಏನೋ ಬರೆದು ಮಾಸ್ತರರ ಕಡೆ ತಿರುಗಿಸಿದರು. ಬೀದರಿನಿಂದ ಆದೇಶ ಬರುವವರೆಗೆ ಕಾಯಬೇಡಿ, ಎರಡು ಕೋಣೆ ತೆರೆಯಿರಿ ಎಂದರು. ನಮ್ಮ ಮಾಸ್ತರರು ಅಲ್ಲಿಯೂ ಬಿಡದೆ, ಅದನ್ನೂ ಬರೆದು ಕೊಡಿ ಎಂದು ಪಟ್ಟು ಹಿಡಿದು ಬರೆಸಿಕೊಂಡರು. ನನಗೆ ಸಂತೋಷಕ್ಕಿಂತ ಮೊದಲು ಸುಸ್ತು ಬಂತು.

ಹಾಸ್ಟೆಲ್ ಶುರುವಾದದ್ದು ಆ ವಾರದ ಕೊನೆಯಲ್ಲಿ. ಚಾಪೆಗಳು ಬಂದವು, ಅಡುಗೆಗೆ ಊರಿನ ಇಬ್ಬರು ಹೆಂಗಸರು ನಿಂತರು. ವೈನಿ ತಮ್ಮ ಪ್ರಯಾಣವನ್ನು ಅಷ್ಟು ದಿನ ಮುಂದೂಡಿದ್ದರು. ಮಗಳ ಟ್ರಂಕನ್ನು ತಾವೇ ಹೊತ್ತುಕೊಂಡು ಹೋಗಿ ಶಾಲೆಯ ಕೋಣೆಯಲ್ಲಿಟ್ಟು, ಅವಳ ಜಡೆ ಹೆಣೆದು ಬಂದರು. ಏಳು ಮನೆಗಳ ಕೆಲಸವನ್ನು, ಈಗ ತಮ್ಮದೂ ಸೇರಿ ಎಂಟು, ನನ್ನ ಹೆಂಡತಿಗೆ ಒಪ್ಪಿಸಿದರು.

ಅವರು ಹೊರಟ ದಿನ ನಾನು ಖಟಕ ಚಿಂಚೋಳಿಯ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಕಳಿಸಿಕೊಡಲು ಎಂದು ಹೇಳಿದ್ದರೂ ಹೆಗಲಿಗೆ ಕ್ಯಾಮೆರಾ ಇತ್ತು, ಬ್ಯಾಟರಿ ತುಂಬಿತ್ತು, ಹೊಸ ಟೇಪು ಹಾಕಿದ್ದೆ. ಕತೆಗೆ ಒಂದು ಕೊನೆ ಬೇಕಲ್ಲ. ಭಾಲ್ಕಿಯ ಬಸ್ಸು ತಿರುವಿನಲ್ಲಿ ಕಂಡಾಗ ನಾನು ಪರದೆ ತೆರೆದೆ.

"ಅದು ಇಡು ತಮ್ಮಾ. ಗಂಟ ಹಿಡಿ," ಎಂದರು ವೈನಿ.

ಇಟ್ಟೆ. ಕ್ಯಾಮೆರಾ ಚೀಲದೊಳಗೆ ಹೋಯಿತು, ಹಾಸಿಗೆಯ ಗಂಟು ಒಂದು ಕೈಗೆ, ಪಾತ್ರೆಯ ಚೀಲ ಇನ್ನೊಂದಕ್ಕೆ. ಬಸ್ಸಿಗೆ ಮುತ್ತಿದ ಜನರ ನಡುವೆ ಪಕ್ಕದೂರಿನ ಹೆಂಗಸೊಬ್ಬಳು ವೈನಿಯ ಗುರುತು ಹಿಡಿದು, ಇಷ್ಟೆಲ್ಲ ಸಾಮಾನು ಕಟ್ಟಿಕೊಂಡು ಎಲ್ಲಿಗೆ ಹೊರಟೆ, ಊರಿಗೇನು ಎಂದು ಕೇಳಿದಳು. ವೈನಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

"ಊರಿಗಿ ಅಲ್ರಿ. ಹೈದ್ರಾಬಾದ್‌ಕ, ದುಡಿಲಾಕ ಹೊಂಟೀನಿ. ನನ್ನ ಮಗಳು ಇಲ್ಲೇ ಸಾಲಿ ಓದ್ಲತ್ತಾಳ."

ಬಸ್ಸಿನ ಅರ್ಧ ಜನಕ್ಕೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಒಂದು ತಿಂಗಳಿನಿಂದ ಈ ಒಂದು ವಾಕ್ಯಕ್ಕಾಗಿ ನಾನು ಮಾಡದ ಜಗಳವಿಲ್ಲ. ಅದು ಬಂದಾಗ ನನ್ನ ಎರಡೂ ಕೈಯಲ್ಲಿ ಗಂಟು. ಬಾಗಿಲಲ್ಲಿ ನಿಂತ ಕಂಡಕ್ಟರ್, ಕೊಡುವುದಿದ್ದರೆ ಬೇಗ ಕೊಡಿ ಎಂದು ನನ್ನ ಮೇಲೆ ರೇಗಿದ. ನಾನು ಗಂಟುಗಳನ್ನು ಒಳಗೆ ದೂಡಿದೆ.